ಕೆಂಪು ಬಟ್ಟೆ ಕಟ್ಟಿರಲಿಲ್ಲವೆಂಬ ಕೇಸು

ಫೆಬ್ರವರಿ 19

ಅಕ್ಕಾ,

ಇದು ಅಂಚೆಯಲ್ಲಿ ಬರುವ ಪತ್ರವಲ್ಲ, ನಿನ್ನ ಮಗನ ಜೇಬಿನಲ್ಲಿ ಬರುವ ಪತ್ರ. ಆದ್ದರಿಂದ ಇತ್ತ ಕ್ಷೇಮ, ಅತ್ತ ಕ್ಷೇಮವೇ ಎಂಬ ಶಾಸ್ತ್ರವನ್ನೆಲ್ಲ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಅವನೀಗ ಹೊರಗೆ ಅಂಗಳದಲ್ಲಿದ್ದಾನೆ. ದರ್ಜಿಯ ಅಂಗಡಿಗೆ ಹೋಗಬೇಕಾದ ನಿಲುವುಗನ್ನಡಿಯನ್ನು ನನ್ನ ಸೈಕಲ್ಲಿಗೆ ಉದ್ದಕ್ಕೆ ಬಿಗಿದು, ಹಿಂದಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದಾನೆ. ನೀನು ಕಳಿಸಿದ್ದೇ ಬಟ್ಟೆ, ನೀನು ಕಲಿಸಿದ್ದೇ ಗಂಟು. ರೈಲ್ವೆಗೆ ಬಾವುಟ ಹೊಲಿಯುವವಳ ಮಗ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಕಿಟಕಿಯಿಂದ ನೋಡಿದರೆ ಅವನ ಕಾಲು ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಆಕಾಶ. ಕನ್ನಡಿ ಹೊತ್ತ ಸೈಕಲ್ಲೇ ಹಾಗೆ. ಅದನ್ನು ತಳ್ಳಿಕೊಂಡು ಬೀದಿಯಲ್ಲಿ ನಡೆದರೆ ಮೋಡಗಳೂ ಪಕ್ಕದಲ್ಲೇ ನಡೆದುಕೊಂಡು ಬರುತ್ತವೆ. ಇಷ್ಟು ವರ್ಷವಾದರೂ ನನಗೆ ಅದರಿಂದ ಬೇಸರ ಬಂದಿಲ್ಲ.

ಗಾಜಿನ ಕಾರ್ಖಾನೆಯ ಬೆಂಕಿಯ ಸುದ್ದಿ ನೀನೂ ಓದಿರುತ್ತೀಯ. ಪ್ಯಾಕಿಂಗ್ ಕೋಣೆಯಲ್ಲಿದ್ದವರು ಒಬ್ಬರೂ ಹೊರಗೆ ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಗಾಬರಿಯಲ್ಲಿ ಅವರಿಗೆ ದಾರಿ ಕಾಣಲಿಲ್ಲ ಎಂದು ಮಾಲೀಕರು ಹೇಳಿಕೆ ಕೊಟ್ಟಿದ್ದಾರೆ. ನಿನ್ನ ಮಗ ಆಗ ಹೊರಗೆ ಲಾರಿಗೆ ಬಾಟಲಿ ತುಂಬುತ್ತಿದ್ದ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದಾನೆ, ಕಲ್ಲಿನಿಂದ ಕುಟ್ಟಿದ್ದಾನೆ. ಬೆಂಕಿ ಆರಿದ ಮೇಲೆ ಹೋಗಿ ನೋಡಿದರೆ ಬೀಗವೇ ಇಲ್ಲ. ಮಾರ್ಚ್ 28ಕ್ಕೆ ಇಲ್ಲಿ ವಿಚಾರಣೆ. ನ್ಯಾಯಾಧೀಶರ ಮುಂದೆ ನಿಂತು ಬೀಗವಿತ್ತು ಎಂದು ಹೇಳಲು ತಯಾರಿರುವವನು ಅವನೊಬ್ಬನೇ. ಕಾರ್ಖಾನೆಯವರು ಅವನನ್ನು ಹುಡುಕುತ್ತಿದ್ದಾರೆ. ಆ ದಿನದವರೆಗೆ ಅವನು ಅವರ ಕಣ್ಣಿಗೆ ಬೀಳಬಾರದು.

ಮಲಗಿದರೆ ನಿದ್ದೆಯಿಲ್ಲ ಅವನಿಗೆ. ನನ್ನ ಅಂಗಡಿಯಲ್ಲಿ ಯಾವ ಕಡೆ ಹೊರಳಿದರೂ ಒಂದು ಕನ್ನಡಿ, ಅದರಲ್ಲಿ ಕಣ್ಣು ಬಿಟ್ಟುಕೊಂಡ ಅವನೇ. "ಮಾಮ, ನೀವು ಇಲ್ಲಿ ಹೇಗೆ ನಿದ್ದೆ ಮಾಡ್ತೀರಿ?" ಎಂದು ಕೇಳಿದ. ಕನ್ನಡಿಯಿಲ್ಲದ ಮನೆ ನಿನ್ನದು, ಅದಕ್ಕೇ ಕಳಿಸುತ್ತಿದ್ದೇನೆ. ಹೊಟ್ಟೆ ತುಂಬ ಹಾಕು, ಏನೂ ಕೇಳಬೇಡ. ನನಗೆ ಬರೆಯುವ ಪತ್ರದಲ್ಲೂ ಅವನ ಹೆಸರು ಎತ್ತಬೇಡ.

ಬಸ್ಸು ಹತ್ತಿಸಿ ಹಾಗೇ ದರ್ಜಿಯ ಅಂಗಡಿಗೆ ಹೋಗುತ್ತೇನೆ. ಗಂಟು ಹಾಕಿ ಮುಗಿಸಿದ, ಈಗ ಎಳೆದು ನೋಡುತ್ತಿದ್ದಾನೆ.

ನಿನ್ನ,
ಗುಬ್ಬಿ


ಫೆಬ್ರವರಿ 27

ಅಕ್ಕಾ,

ಗಾಬರಿಯಾಗಬೇಡ. ವಿಳಾಸ ನೋಡಿಯೇ ನಿನ್ನ ಎದೆ ಧಸಕ್ಕೆಂದಿರುತ್ತದೆ. ಹೌದು, ಪೊಲೀಸ್ ಸ್ಟೇಷನ್ನೇ. ಸ್ಟೇಷನ್ನಿನ ಹಿಂಭಾಗದಲ್ಲಿ ಪುಟ್ಟದೊಂದು ಜೈಲಿದೆ, ಅದರ ಕಡೆಯ ಕೋಣೆ ಸದ್ಯಕ್ಕೆ ನನ್ನದು.

ಆದದ್ದಿಷ್ಟು. ಬಸ್ ನಿಲ್ದಾಣದ ಹತ್ತಿರ ಒಂದು ಕೆಲಸವಿತ್ತು, ಮುಗಿಸಿಕೊಂಡು ಒಬ್ಬನೇ ದರ್ಜಿಯ ಅಂಗಡಿಯತ್ತ ಹೊರಟಿದ್ದೆ. ತಿರುವಿನಲ್ಲಿ ಜೀಪು ಅಡ್ಡ ಬಂತು. "ಉದ್ದದ ಸಾಮಾನು ಸಾಗಿಸ್ತಿದ್ದೀಯ, ಕೆಂಪು ಬಟ್ಟೆ ಎಲ್ಲಯ್ಯಾ?" ಎಂದರು ಇನ್‌ಸ್ಪೆಕ್ಟರ್ ಸಾಹೇಬರು. "ಹಿಂದೆ ಇದೆಯಲ್ಲ ಸಾರ್" ಎಂದು ತಿರುಗಿ ನೋಡಿದರೆ ಇಲ್ಲ. ಉದುರಿ ಹೋಗಿರಬೇಕು. ಕಾನೂನು ಕಾನೂನೇ ತಾನೇ? ಸೈಕಲ್ಲು, ಕನ್ನಡಿ, ನಾನು, ಮೂವರೂ ಜೀಪಿನ ಹಿಂದೆ ನಡೆದುಕೊಂಡು ಬಂದೆವು.

ಸಂಜೆ ಬಿಡುತ್ತೇವೆ ಎಂದಿದ್ದರು. ಬಿಡುವ ಹೊತ್ತಿಗೆ ಯಾರೋ ಸೈಕಲ್ಲಿನ ಬೆಲ್ ಒತ್ತಿ ನೋಡಿದರು, ಅದು ಬಾಯಿ ಬಿಡಲಿಲ್ಲ. ಅದು ಎರಡನೆಯ ಕೇಸು. ಸಾಹೇಬರು ಒಳ್ಳೆಯ ಮಾತುಗಾರರು. ಬಟ್ಟೆಯ ಬಗ್ಗೆ ಒಂದು ಮಾತು ಕೇಳಿದರೆ ಬೇರೆ ವಿಷಯ ಬೇಕಾದಷ್ಟು ಕೇಳುತ್ತಾರೆ. "ಅಂಗಡೀಲಿ ನಿನ್ ಜೊತೆ ಯಾರ್ಯಾರು ಮಲಗ್ತಾರೆ?" ಎಂದರು. "ನಾನೊಬ್ನೇ ಸಾರ್. ಕನ್ನಡಿ ಜಾಸ್ತಿ ನೋಡಿ, ಅದಕ್ಕೇ ಗುಂಪು ಇದ್ದ ಹಾಗೆ ಕಾಣುತ್ತೆ" ಎಂದೆ. ಯಾರೂ ನಗಲಿಲ್ಲ.

ಕನ್ನಡಿ ಸಾಕ್ಷಿಯ ಸಾಮಾನಂತೆ. ನನ್ನ ಕೋಣೆಯ ಎದುರಿನ ಗೋಡೆಗೆ ಒರಗಿಸಿದ್ದಾರೆ. ಕಾನ್‌ಸ್ಟೇಬಲ್‌ಗಳೆಲ್ಲ ಡ್ಯೂಟಿಗೆ ಹೊರಡುವ ಮೊದಲು ಅದರ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಾರೆ, ಮೀಸೆ ತಿದ್ದಿಕೊಳ್ಳುತ್ತಾರೆ. ಅವರು ಸರಿದ ಮೇಲೆ ಅದು ನನ್ನದು. ಮುಂಬಾಗಿಲು ತೆರೆದಿದ್ದರೆ ಬೀದಿ ಇಡಿಯಾಗಿ ಅದರೊಳಗೆ ಬಂದು ಕೂರುತ್ತದೆ. ಬಸ್ಸುಗಳು ತಪ್ಪು ದಿಕ್ಕಿನಲ್ಲಿ ಓಡುತ್ತವೆ, ಎದುರಿನ ಕ್ಷೌರದಂಗಡಿಯ ಬೋರ್ಡು ಹಿಂದುಮುಂದಾಗಿ ಕಾಣುತ್ತದೆ, ಎಲ್ಲರೂ ಎಡಗೈಯಲ್ಲಿ ಚಹಾ ಕುಡಿಯುತ್ತಾರೆ. ಮಧ್ಯಾಹ್ನದ ಹೊತ್ತು ಅದನ್ನೇ ನೋಡುತ್ತಾ ಕೂತರೆ ನಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತದೆ.

ಇಲ್ಲಿ ಬರೆಯುವ ಕೆಲಸದವರನ್ನು ರೈಟರ್ ಎನ್ನುತ್ತಾರೆ. ದಪ್ಪ ಕನ್ನಡಕದ ವಯಸ್ಸಾದವರು. ಒಳಗೆ ಬರುವ ಪತ್ರ, ಹೊರಗೆ ಹೋಗುವ ಪತ್ರ ಎಲ್ಲವನ್ನೂ ಅವರು ಓದಿಯೇ ಮುಂದಕ್ಕೆ ಬಿಡುವುದು. ಇದನ್ನು ನೆನಪಿಟ್ಟುಕೊಂಡು ಬರಿ. ನೀನು ಅಲ್ಲಿ ಒಬ್ಬಳೇ ಇರುವವಳು, ಆರೋಗ್ಯ ನೋಡಿಕೋ.

ನಿನ್ನ,
ಗುಬ್ಬಿ


ಮಾರ್ಚ್ 4

ನನ್ನ ಗುಬ್ಬಿಗೆ,

ಮೊದಲು ಈ ಪತ್ರ ಓದುವ ರೈಟರ್ ಸಾಹೇಬರಿಗೆ ನಮಸ್ಕಾರ. ಸಾಹೇಬರೇ, ನೀವು ಓದುತ್ತೀರಿ ಎಂದು ತಿಳಿದು ಸಂತೋಷವಾಯಿತು. ನಿಮ್ಮಂಥ ಹಿರಿಯರೊಬ್ಬರು ಕೇಳಿಸಿಕೊಳ್ಳಲಿ ಎಂದೇ ಬರೆಯುತ್ತಿದ್ದೇನೆ.

ಗುಬ್ಬಿ, ಉದುರಿ ಹೋಗಿರಬೇಕು ಎಂದು ಬರೆದೆಯಲ್ಲ, ನಿನ್ನ ಬಾಯಿಗೆ ಏನಾಗಿದೆ? ನನ್ನ ಗಂಟು ಉದುರುತ್ತದೆಯೇ? ರೈಲಿನ ಗಾಡಿಗೆ ಸಿಕ್ಕಿಸಿ ಮುನ್ನೂರು ಮೈಲಿ ಗಾಳಿಯಲ್ಲಿ ಓಡಿಸಿದರೂ ಬಾವುಟ ಹರಿದೀತೇ ಹೊರತು ಗಂಟು ಬಿಚ್ಚಿಕೊಳ್ಳದು. ಬಾವುಟದ ಕೋಣೆಯಲ್ಲಿ ಯಾರನ್ನು ಬೇಕಾದರೂ ಕೇಳು. ಆ ಗಂಟನ್ನು ಬಿಚ್ಚಬೇಕಾದರೆ ಕತ್ತರಿಯೇ ಬೇಕು. ಸಾಹೇಬರೇ, ಇದನ್ನು ಗುರುತು ಹಾಕಿಕೊಳ್ಳಿ.

ಇವನೇನು ಮರೆಯುವ ಆಳೂ ಅಲ್ಲ. ಸ್ಕೂಲಿನಲ್ಲಿ ನಾನು ಕೊಡೆ ಬಿಟ್ಟು ಬಂದ ದಿನ, ಅಷ್ಟು ಮಳೆಯಲ್ಲಿ ಒಬ್ಬನೇ ವಾಪಸ್ಸು ಓಡಿಹೋಗಿ ತಂದುಕೊಟ್ಟವನು. ತಂದವನು ಅದನ್ನು ಬಿಚ್ಚಿ ಹಿಡಿದುಕೊಳ್ಳಲೂ ಇಲ್ಲ, ಒದ್ದೆಯಾದರೆ ಅಕ್ಕ ಬಯ್ಯುತ್ತಾಳೆ ಎಂದು ಅಂಗಿಯೊಳಗೆ ಇಟ್ಟುಕೊಂಡು ಬಂದ. ಇಷ್ಟು ವರ್ಷ ಗಾಜಿನ ಜೊತೆ ಬದುಕಿ ಕೈಗೊಂದು ಗೀರು ಬೀಳಿಸಿಕೊಳ್ಳದ ಜಾಗರೂಕ. ಇಂಥವನು ಕೆಂಪು ಬಟ್ಟೆ ಕಟ್ಟದೆ ಬೀದಿಗೆ ಇಳಿಯುತ್ತಾನೆಯೇ?

ಬಟ್ಟೆ ಕಟ್ಟಿತ್ತು. ನನ್ನ ಹತ್ತಿರ ಸಾಕ್ಷಿ ಇದೆ. ಯಾರು ಎಂದು ಈಗ ಹೇಳುವುದಿಲ್ಲ, ಅಷ್ಟು ದಡ್ಡಿಯಲ್ಲ ನಾನು. ತನ್ನ ಕೈಯಾರೆ ಕಟ್ಟಿ, ಎಳೆದು ನೋಡಿದವರು ಇದ್ದಾರೆ. ಕೋರ್ಟಿಗೆ ಕರೆದರೆ ಕರೆತಂದು ನಿಲ್ಲಿಸುತ್ತೇನೆ. ಒಂದು ತುಂಡು ಬಟ್ಟೆಗಾಗಿ ನನ್ನ ತಮ್ಮನಿಗೆ ಕಳಂಕ ಬರಲು ಬಿಡುವವಳಲ್ಲ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಬೆಕ್ಕೊಂದು ಬಂದು ಸೇರಿಕೊಂಡಿದೆ. ಮೊದಲು ಕಣ್ಣೇ ಮುಚ್ಚುತ್ತಿರಲಿಲ್ಲ. ಈಗ ನನ್ನ ಜೊತೆ ಬಾವುಟದ ಕೋಣೆಗೆ ಬಂದು, ಹೊಲಿದು ಹಾಕಿದ ರಾಶಿಯ ಮೇಲೆ ಮಲಗಿ ನಿದ್ದೆ ಮಾಡುತ್ತದೆ. ಕಿಟಕಿಯ ಬಿಸಿಲು ಕೆಂಪು ಬಟ್ಟೆಗಳ ಮೇಲೆ ಬಿದ್ದು ಕೋಣೆಯೆಲ್ಲ ಕೆಂಪಾಗುತ್ತದೆ. ಹೊಲಿಗೆ ಯಂತ್ರ ನಿಲ್ಲಿಸಿದರೆ ಎಚ್ಚರವಾಗುತ್ತದೆಂದು ಬರೀ ಚಕ್ರ ತಿರುಗಿಸುತ್ತಾ ಕೂರುತ್ತೇನೆ.

ಇದರ ಜೊತೆ ಒಂದು ಕಟ್ಟು ಕೆಂಪು ಬಟ್ಟೆ ಇಟ್ಟಿದ್ದೇನೆ, ಎಲ್ಲದರ ಅಂಚೂ ಮಡಿಸಿ ಹೊಲಿದಿದ್ದೇನೆ. ಬೇಕಾದರೆ ಜೀಪಿಗೂ ಕಟ್ಟಿಕೊಳ್ಳಲಿ.

ನಿನ್ನ ಅಕ್ಕ


ಮಾರ್ಚ್ 10

ಅಕ್ಕಾ,

ಅಕ್ಷರ ನೋಡಿ ಬೇರೆ ಯಾರೋ ಬರೆದದ್ದು ಅಂದುಕೊಳ್ಳಬೇಡ. ಕನ್ನಡಿಯ ಅಂಚು ತಗಲಿ ಬಲಗೈ ಬೆರಳು ಕುಯ್ದಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗಾಜು ಕುಯ್ಯುವುದು ನನಗೇನು ಹೊಸದೇ, ಚಿಕ್ಕಂದಿನಿಂದ ಆಗುತ್ತಲೇ ಬಂದಿದೆಯಲ್ಲ.

ನಿನ್ನ ಪತ್ರವನ್ನು ರೈಟರ್ ಮಾತ್ರವಲ್ಲ, ಇನ್‌ಸ್ಪೆಕ್ಟರ್ ಸಾಹೇಬರೂ ಓದಿದರು. ಎರಡು ಸಲ ಓದಿದರು. "ನಿಮ್ಮಕ್ಕನ ಹತ್ರ ಇರೋ ಸಾಕ್ಷಿ ಯಾರಪ್ಪಾ?" ಎಂದು ಬಹಳ ಪ್ರೀತಿಯಿಂದ ವಿಚಾರಿಸಿದರು. "ಯಾರೂ ಇಲ್ಲ ಸಾರ್, ಅವಳಿಗೆ ಮೊದ್ಲಿಂದಾನೂ ಜಗಳ ಆಡೋ ಚಟ" ಎಂದೆ. ನಾನು ಹೇಳಿದ್ದು ಅವರಿಗೆ ಸಾಲಲಿಲ್ಲ. ನಿನ್ನ ಮನೆಗೆ ಅವರ ಕಡೆಯ ಇಬ್ಬರು ಹೊರಟಿದ್ದಾರೆ, ನಿನ್ನನ್ನೇ ಕೇಳುತ್ತಾರಂತೆ. ದೂರದಿಂದ ಬರುವವರು, ಚೆನ್ನಾಗಿ ನೋಡಿಕೋ. ಮನೆ ಚೊಕ್ಕಟವಾಗಿರಲಿ.

ಬಟ್ಟೆ ನಾನು ಕಟ್ಟಿರಲಿಲ್ಲ ಅಕ್ಕಾ. ಮರೆತೆ. ಹಾಗೆಂದು ಬರೆದು ಸಹಿಯನ್ನೂ ಹಾಕಿದ್ದೇನೆ. ಸಹಿ ಹಾಕಿದ ಮೇಲೆ ಬಿಡುತ್ತಾರೆ ಅಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ಅಂಗಡಿಯ ಬೋರ್ಡು ರಸ್ತೆಯ ಮೇಲೆ ಒಂದು ಗೇಣು ಚಾಚಿದೆ ಎಂದು ಗೊತ್ತಾಯಿತು. ಅದಾದ ಮೇಲೆ ಕನ್ನಡಿಯ ಬೆನ್ನಿಗೆ ಹುಯ್ಯುವ ಬೆಳ್ಳಿ ನೀರು ಚರಂಡಿಗೆ ಹೋಗುತ್ತದೆ ಎಂದು ಗೊತ್ತಾಯಿತು. ಹುಡುಕಿದರೆ ಯಾವನ ಬದುಕಿನಲ್ಲಿ ಒಂದು ಗೇಣು ರಸ್ತೆಗೆ ಚಾಚಿಲ್ಲ ಹೇಳು. ಮಾರ್ಚ್ ಮುಗಿಯುವವರೆಗೂ ಹೀಗೇ ಒಂದೊಂದು ಸಿಗುತ್ತಾ ಹೋಗುತ್ತದೆ ಎಂದು ಕಾಣುತ್ತದೆ.

ಕೋಪ ಮಾಡಿಕೊಳ್ಳಬೇಡ. ನಾನು ಕೆಲಸ ಕಲಿಯುತ್ತಿದ್ದಾಗ ನೀನು ನನ್ನ ಗುರುಗಳ ಅಂಗಡಿಗೆ ಬಂದು, ಕನ್ನಡಿಯ ಹಿಂದೆ ಏನಿದೆ ಎಂದು ಬಗ್ಗಿ ನೋಡಿ ಬೈಸಿಕೊಂಡಿದ್ದು ನೆನಪಿದೆಯೇ? ಜನ ಮುಂದೆ ನಿಂತು ಮುಖ ನೋಡಿಕೊಳ್ಳುತ್ತಾರೆ, ನಮ್ಮ ಕೆಲಸವೆಲ್ಲ ಇರುವುದು ಅದರ ಬೆನ್ನಿನಲ್ಲಿ. ಇಲ್ಲಿ ಕೂತು ಬೀದಿಯನ್ನು ಕನ್ನಡಿಯಲ್ಲೇ ನೋಡಿ ನೋಡಿ ನನಗೀಗ ಬಲ ಎಡವಾದರೂ, ಎಡ ಬಲವಾದರೂ ಓದಲು ಬರುತ್ತದೆ. ಕ್ಷೌರದಂಗಡಿಯ ಬೋರ್ಡನ್ನು ತಡವರಿಸದೆ ಓದುತ್ತೇನೆ. ಯಾರು ಹೇಗೆ ಬರೆದರೂ ಓದುತ್ತೇನೆ ಅಕ್ಕಾ.

ಗುಬ್ಬಿ


ಮಾರ್ಚ್ 17

ಬೇಜವಾಬ್ದಾರಿ ತಮ್ಮನಿಗೆ,

ನಿನ್ನ ಪತ್ರ ಬಂತು. ಓದಿ ನನಗೆ ಒಂದಿಷ್ಟೂ ದುಃಖವಾಗಲಿಲ್ಲ.

ನೀನು ಮರೆತಿದ್ದೇ ಹೌದು. ಹುಟ್ಟಿದಾಗಿನಿಂದ ನೀನು ಮರೆಗುಳಿ. ಸ್ಕೂಲಿನಲ್ಲಿ ನನ್ನ ಕೊಡೆ ಕಳೆದುಹಾಕಿ, ಮಳೆಯಲ್ಲಿ ನನ್ನನ್ನು ನೆನೆಸಿ, ನೀನು ಮಾತ್ರ ಒಣಗಿದ ಅಂಗಿಯಲ್ಲಿ ಮನೆಗೆ ಬಂದವನು ತಾನೇ? ಅವತ್ತಿನಿಂದ ನಿನ್ನ ಮೇಲೆ ನನಗೆ ನಂಬಿಕೆಯೇ ಇಲ್ಲ. ಗಾಜಿನಲ್ಲಿ ಕೈ ಕುಯ್ದುಕೊಳ್ಳದ ದಿನ ಒಂದಾದರೂ ಉಂಟೇ ನಿನಗೆ? ಈ ಸಲವೂ ಕುಯ್ದಿದೆ, ಕುಯ್ಯಲಿ. ನನಗೇನು, ನಾನು ಚೆನ್ನಾಗಿ ಊಟ ಮಾಡಿ ನಿದ್ದೆ ಮಾಡಿದೆ.

ಗಂಟಿನ ಬಗ್ಗೆ ಬಡಾಯಿ ಕೊಚ್ಚಿಕೊಂಡಿದ್ದೆ, ರೈಟರ್ ಸಾಹೇಬರು ಕ್ಷಮಿಸಬೇಕು. ನನ್ನ ಗಂಟು ಬಲು ಸಡಿಲ, ಮುಟ್ಟಿದರೆ ಬಿಚ್ಚಿಕೊಳ್ಳುತ್ತದೆ. ಸಾಕ್ಷಿಯೂ ಇಲ್ಲ, ಗೀಕ್ಷಿಯೂ ಇಲ್ಲ. ಹೆಂಗಸು ಸಿಟ್ಟಿನಲ್ಲಿ ಏನೋ ಬರೆದಳು ಎಂದು ಬಿಟ್ಟುಬಿಡಿ.

ನಿಮ್ಮ ಸ್ಟೇಷನ್ನಿನಿಂದ ಇಬ್ಬರು ಬಂದಿದ್ದರು. ಅವರನ್ನು ನೋಡಿ ಬಹಳ ಸಂತೋಷವಾಯಿತು. ಮನೆಯೆಲ್ಲ ತೋರಿಸಿದೆ. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. "ಮಗ ಎಲ್ಲಿ?" ಎಂದರು. "ಅವನೇ? ಕಾಗದ ಬರೆದು ಎಷ್ಟು ಕಾಲವಾಯ್ತೋ. ಹೆತ್ತವಳನ್ನ ಮರೆತವನು" ಎಂದೆ. ಬಾವುಟದ ಕೋಣೆಯನ್ನೂ ನೋಡಬೇಕೆಂದರು. ನೋಡಿ ಎಂದೆ. ಅಲ್ಲಿ ರಾಶಿಯಿತ್ತು, ಅಷ್ಟೇ.

ಬೆಕ್ಕು ಓಡಿಹೋಯಿತು. ನಿದ್ದೆಯೇ ಮಾಡುತ್ತಿರಲಿಲ್ಲ, ಹಾಕಿದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ, ದಿನದಿನಕ್ಕೆ ಸೊರಗುತ್ತಿತ್ತು. ಹೋದದ್ದೇ ಒಳ್ಳೆಯದಾಯಿತು. ನೀಲಿ ಬಟ್ಟೆಯೊಂದು ಮನೆಯಲ್ಲಿತ್ತು, ಅದರಲ್ಲಿ ಯಾರಿಗೂ ಅಂಗಿ ಹೊಲಿಯುತ್ತಿಲ್ಲ. ಈ ತಿಂಗಳ ಕೊನೆಗೆ ಇಲ್ಲಿಂದ ಯಾರೂ ಎಲ್ಲಿಗೂ ಹೋಗುವುದಿಲ್ಲ.

ನಿನ್ನ ನೆನಪು ನನಗೆ ಬರುವುದೇ ಇಲ್ಲ. ಮುಂದೆ ಪತ್ರ ಬರೆಯಬೇಡ.

ನಿನ್ನ ಅಕ್ಕ ಅಲ್ಲ


ಮಾರ್ಚ್ 21

ಅಕ್ಕಾ,

ಬೈಗುಳ ತಲುಪಿತು. ಹೀಗೆಲ್ಲ ಬರೆಯುತ್ತೀಯ ಎಂದು ತಿಳಿದಿರಲಿಲ್ಲ. ಬಹಳ ಬೇಜಾರಾಯಿತು, ಅದಕ್ಕೇ ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ. ಬೆಕ್ಕು ಹೋದದ್ದಕ್ಕೆ ಕಣ್ಣಲ್ಲಿ ನೀರು ಬಂತು. ಪಕ್ಕದ ಕೋಣೆಯವನು, ಅವನನ್ನು ಕೊಡದ ನೀರು ಚೆಲ್ಲಿ ರಸ್ತೆ ಜಾರುವ ಹಾಗೆ ಮಾಡಿದ್ದಕ್ಕೆ ತಂದಿದ್ದಾರೆ, "ಒಂದು ಬೆಕ್ಕಿಗೆ ಇಷ್ಟು ಅಳ್ತೀರಾ ಅಣ್ಣಾ" ಎಂದ. "ಒಳ್ಳೇ ಬೆಕ್ಕಪ್ಪ ಅದು" ಎಂದೆ.

ನಿನ್ನ ಮಾತಿಗೆ ಬೆಲೆ ಕೊಡುತ್ತೇನೆ, ಇನ್ನು ಬರೆಯುವುದಿಲ್ಲ.

ಗುಬ್ಬಿ


ಮಾರ್ಚ್ 31

ಅಕ್ಕಾ, ಅಕ್ಕಾ,

ಬಿಟ್ಟರು. ನಿನ್ನೆ ಮಧ್ಯಾಹ್ನ. ಈ ಪತ್ರವನ್ನು ಮೊದಲು ಓದುವವಳು ನೀನೇ. ನಿನ್ನ ಮಗ ನನ್ನ ಎದುರಿಗೆ ಕೂತು ಚಹಾ ಆರಿಸುತ್ತಿದ್ದಾನೆ. ಅವನೂ ಬೇರೆ ಬರೆಯುತ್ತಾನಂತೆ. ಆದರೆ ನಾನು ಕಂಡದ್ದನ್ನು ನಾನೇ ಹೇಳಬೇಕು.

ಇಪ್ಪತ್ತೆಂಟನೇ ತಾರೀಕು ಬೆಳಿಗ್ಗೆಯಿಂದ ನಾನು ಕನ್ನಡಿಯಿಂದ ಕಣ್ಣು ಕಿತ್ತಿರಲಿಲ್ಲ. ಕೋರ್ಟಿಗೆ ಹೋಗುವ ದಾರಿ ಸ್ಟೇಷನ್ನಿನ ಎದುರಿಗೇ. ಅಲ್ಲಿಂದಲೇ ಹೋಗುತ್ತಾನೋ, ಸುತ್ತು ಹಾಕಿ ಹೋಗುತ್ತಾನೋ, ಹೊರಟೇ ಇಲ್ಲವೋ, ದಾರಿಯಲ್ಲೇ ಯಾವುದಾದರೂ ಜೀಪು ಅಡ್ಡ ಬಂದು "ಚಪ್ಪಲಿ ಯಾಕೆ ಸದ್ದು ಮಾಡ್ತಿದೆ" ಎಂದು ಹಿಡಿದುಕೊಂಡಿತೋ, ಏನೂ ಗೊತ್ತಿಲ್ಲ. ಬಾಗಿಲು ತೆರೆದಿತ್ತು. ಬೀದಿ ಕನ್ನಡಿಯೊಳಗೆ ಬಂದು ಕೂತಿತ್ತು. ಅಷ್ಟರಲ್ಲಿ ಮೀಸೆಯ ಕಾನ್‌ಸ್ಟೇಬಲ್ ಬಂದು ಅದರ ಮುಂದೆ ನಿಂತು ತಲೆ ಬಾಚಲು ಶುರುಮಾಡಿದ. ಕ್ಷೌರದಂಗಡಿ ಅರ್ಧ ಮುಚ್ಚಿಹೋಯಿತು. ಅವನು ತಲೆಯನ್ನು ಒಂದು ಕಡೆ ವಾಲಿಸಿ ಬೈತಲೆ ತೆಗೆಯುವಾಗ, ಅವನ ಹೆಗಲ ಮೇಲಿನ ಜಾಗದಲ್ಲಿ ಒಂದು ನೀಲಿ ಅಂಗಿ ನಡೆದು ಹೋಯಿತು. ಓಡಲಿಲ್ಲ, ತಿರುಗಿ ನೋಡಲಿಲ್ಲ. ಹೊಸ ಅಂಗಿ ತೊಟ್ಟವರು ನಡೆಯುವ ಹಾಗೆ, ತೋಳನ್ನು ಮೈಯಿಂದ ಸ್ವಲ್ಪ ದೂರ ಇಟ್ಟುಕೊಂಡು ನಡೆದ. ಕಾನ್‌ಸ್ಟೇಬಲ್ ಕನ್ನಡಿಯನ್ನೇ ನೋಡುತ್ತಿದ್ದ ಅಕ್ಕಾ. ಅವನಿಗೆ ತನ್ನ ಕೂದಲು ಕಂಡಿತು. ಆಮೇಲೆ ಒಂದು ಬಸ್ಸು ತಪ್ಪು ದಿಕ್ಕಿನಲ್ಲಿ ಬಂದು ಎಲ್ಲವನ್ನೂ ಮುಚ್ಚಿತು. ನಾನು ಕನಸು ಕಂಡೆನೇನೋ ಎಂದು ಸಂಜೆಯವರೆಗೂ ಮುದುರಿ ಕೂತಿದ್ದೆ.

ಸಂಜೆ ಇನ್‌ಸ್ಪೆಕ್ಟರ್ ಸಾಹೇಬರು ಯಾರ ಮುಖವನ್ನೂ ನೋಡದೆ ಒಳಗೆ ಹೋದಾಗ ಗೊತ್ತಾಯಿತು, ಕನಸಲ್ಲ. ಬೀಗ ಎಂಥದ್ದು, ಯಾರ ಕೈಯಿಂದ ಬಿತ್ತು, ತಾನು ಕುಟ್ಟಿದ್ದು ಎಷ್ಟು ಹೊತ್ತು, ಒಳಗಿನ ಸದ್ದು ಯಾವಾಗ ನಿಂತಿತು, ಎಲ್ಲವನ್ನೂ ಹೇಳಿದನಂತೆ. ನ್ಯಾಯಾಧೀಶರು ನಡುವೆ ಬಾಯಿ ಹಾಕದೆ ಬರೆಸಿಕೊಂಡರಂತೆ. ಆ ಬೀಗ ಎಲ್ಲಿ ಎಂದು ಈಗ ಮಾಲೀಕರನ್ನು ಕೇಳುತ್ತಿದ್ದಾರೆ.

ಅದಾದ ಮೇಲೆ ನನ್ನ ಬೆಲ್ಲು, ಬೋರ್ಡು, ಚರಂಡಿ ಯಾವುದೂ ಯಾರಿಗೂ ಬೇಡವಾಯಿತು. "ಸಣ್ಣ ಪುಟ್ಟ ಕೇಸು, ಹೋಗಯ್ಯ" ಎಂದರು. ಆವತ್ತು ತಿರುವಿನಲ್ಲಿ ಸಾಹೇಬರು ನನ್ನ ಜೊತೆ ಮಾತಾಡುತ್ತಿದ್ದಾಗ ಒಬ್ಬ ಕಾನ್‌ಸ್ಟೇಬಲ್ ಸೈಕಲ್ಲಿನ ಹಿಂದಕ್ಕೆ ಹೋಗಿ ಬಂದಿದ್ದ, ಅಷ್ಟೇ ನಾನು ನೋಡಿದ್ದು. ಇದ್ದ ಬೀಗವನ್ನು ಇರಲಿಲ್ಲ ಎಂದವರು ಇದ್ದ ಬಟ್ಟೆಯನ್ನು ಬಿಡುತ್ತಾರೆಯೇ! ಅಳಿಯನನ್ನು ಹಿಡಿಯಲು ನನ್ನನ್ನು ಹಿಡಿದರು, ನನ್ನನ್ನು ಹಿಡಿಯಲು ಬಟ್ಟೆಯನ್ನು ಹಿಡಿದರು. ನೀನು ಬಟ್ಟೆಗಾಗಿ ಹೋರಾಡಲು ಹೊರಟಾಗ ನನ್ನ ಜೀವ ಬಾಯಿಗೆ ಬಂದಿತ್ತು. ನ್ಯಾಯ ಪೂರ್ತಿ ನಿನ್ನ ಕಡೆಗೇ ಇತ್ತು, ಅದೇ ಭಯ.

ಹೊರಡುವಾಗ ರೈಟರ್ ಬಾಗಿಲವರೆಗೂ ಬಂದರು. ಅಷ್ಟು ದಿನ ನನ್ನೊಡನೆ ಒಂದು ಮಾತೂ ಆಡಿದವರಲ್ಲ. ಮೇಜಿನ ಡ್ರಾಯರಿನಲ್ಲಿತ್ತು ಎಂದು ಒಂದು ಕಾಗದದ ಪೊಟ್ಟಣ ಕೈಗಿಟ್ಟು, ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ನಿಮ್ಮಕ್ಕನ ಮೊದಲ್ನೇ ಪತ್ರದಲ್ಲಿ ನೀವು ಕೊಡೆ ತಂದುಕೊಟ್ಟಿದ್ರಿ. ಎರಡನೇದ್ರಲ್ಲಿ ಕಳೆದುಹಾಕಿದ್ರಿ. ನನ್ ಕೆಲಸ ಓದೋದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು ಅಂತ ಯಾರೂ ಹೇಳಿರಲಿಲ್ಲ."

ಅವರು ಕನ್ನಡಕ ಹಾಕಿಕೊಂಡು ಒಳಗೆ ಹೋಗುತ್ತಾ ತಿರುಗಿ, "ಬೆಕ್ಕು ಕೋರ್ಟಿನಲ್ಲಿ ಚೆನ್ನಾಗಿ ಮಾತಾಡ್ತಂತೆ. ಅಕ್ಕನಿಗೆ ತಿಳಿಸಿ" ಎಂದರು.

ಪೊಟ್ಟಣದಲ್ಲಿದ್ದದ್ದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನೋಡು, ಬಟ್ಟೆಯನ್ನು ಕತ್ತರಿಸಿದ್ದಾರೆ. ಗಂಟು ಹಾಗೇ ಇದೆ.

ಕೈಯ ಬಗ್ಗೆ ಕೇಳಬೇಡ. ಗಾಜಲ್ಲವೆಂದು ನಿನಗೆ ಗೊತ್ತು, ಅಷ್ಟು ಸಾಕು. ಬೆಳ್ಳಿ ನೀರು ಹುಯ್ಯುವಾಗ ಇನ್ನೂ ನಡುಗುತ್ತದೆ. ಸದ್ಯಕ್ಕೆ ಅವನು ಹುಯ್ಯುತ್ತಾನೆ, ನಾನು ಪಕ್ಕದಲ್ಲಿ ನಿಂತು ಬಯ್ಯುತ್ತೇನೆ.

ಗುಬ್ಬಿ


ಏಪ್ರಿಲ್ 6

ನನ್ನ ಗುಬ್ಬಿಗೆ,

ಗಂಟನ್ನು ಕೈಯಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಬಾವುಟದ ಕೋಣೆಯವರಿಗೆಲ್ಲ ತೋರಿಸಿದೆ. ಎಲ್ಲರೂ ಎಳೆದು ನೋಡಿದರು.

ನಿನ್ನ ಎಡಗೈಯ ಪತ್ರ ಬಂದ ದಿನ ನಾನು ಮೊದಲು ಓದಿದ್ದು ನಿನ್ನ ಸಹಿಯ ವಿಷಯ. ಹೇಡಿ ಎಂದು ಬೈದೆ. ಎದ್ದು ನಿನಗೆ ಇನ್ನೂ ಖಾರವಾಗಿ ಬರೆಯಲು ಕೂತೆ, ನಿನ್ನ ಅಳಿಯನೇ ಕಟ್ಟಿದ್ದು ಎಂದು ಹೆಸರು ಸಮೇತ ಬರೆಯುವುದೊಂದೇ ಬಾಕಿ. ಪೆನ್ನು ಹಿಡಿದಾಗ ನಿನ್ನ ಬೆರಳು ನೆನಪಾಯಿತು. ಗುಬ್ಬಿಗೆ ಗಾಜು ತಗಲುವುದೇ? ಮತ್ತೆ ಮೊದಲಿನಿಂದ ಓದಿದೆ. ಕನ್ನಡಿಯ ಬೆನ್ನು ಎಂಬಲ್ಲಿಗೆ ಬಂದಾಗ ಎಲ್ಲವನ್ನೂ ತಿರುಗಿಸಿ ಓದಬೇಕೆಂದು ಹೊಳೆಯಿತು, ಬರೆಯಲು ಕೂತ ಹಾಳೆಯನ್ನು ಒಲೆಗೆ ಹಾಕಿದೆ. ನಾನೇ ನನ್ನ ಮಗನನ್ನು ತಟ್ಟೆಯಲ್ಲಿಟ್ಟು ಕೊಡಲು ಹೊರಟಿದ್ದೆನಲ್ಲೋ, ಗಂಟಿನ ಜಂಬಕ್ಕೆ.

ಆ ಇಬ್ಬರು ಬಂದಾಗ ಅವನು ರಾಶಿಯ ಅಡಿಯಲ್ಲೇ ಇದ್ದ. ಅವರು ಬಾಗಿಲಲ್ಲಿ ನಿಂತಿದ್ದಷ್ಟು ಹೊತ್ತೂ ನಾನು ಹೊಲಿಯುತ್ತಲೇ ಇದ್ದೆ. ಏನು ಹೊಲಿದೆ ಎಂದು ಆಮೇಲೆ ನೋಡಿದರೆ ಒಂದು ಕೆಂಪು ಬಾವುಟಕ್ಕೂ ಒಂದು ಹಸಿರು ಬಾವುಟಕ್ಕೂ ಸೇರಿಸಿ ಹೊಲಿಗೆ ಹಾಕಿದ್ದೆ. ಯಾವ ರೈಲೂ ಅದನ್ನು ನೋಡಿ ನಿಲ್ಲಲೂ ಆಗುವುದಿಲ್ಲ, ಹೋಗಲೂ ಆಗುವುದಿಲ್ಲ. ಅವನನ್ನು ಕೇಳಿದೆ, ಅಡಿಯಲ್ಲಿ ಹೇಗಿತ್ತೋ ಎಂದು. "ಕಣ್ಣು ಬಿಟ್ರೂ ಕೆಂಪು, ಮುಚ್ಚಿದ್ರೂ ಕೆಂಪು ಅಮ್ಮಾ. ನಿನ್ ಮೆಷಿನ್ ಸದ್ದು ಕೇಳ್ತಾ ನಿದ್ದೆ ಬಂದ್ಬಿಡ್ತು" ಎಂದ. ಮಹಾರಾಯ, ನನ್ನ ಪ್ರಾಣ ಹೋಗುತ್ತಿದ್ದಾಗ ಅವನಿಗೆ ನಿದ್ದೆ.

ನೀಲಿ ಅಂಗಿಯ ತೋಳು ಬಿಗಿಯಾಯಿತೆಂದು ಕಾಣುತ್ತದೆ, ಅದಕ್ಕೇ ಕೈ ಹಾಗೆ ಇಟ್ಟುಕೊಂಡು ನಡೆದಿದ್ದಾನೆ. ಕಳಿಸು, ಬಿಡಿಸಿಕೊಡುತ್ತೇನೆ.

ಈ ಪಾರ್ಸೆಲ್ಲಿನಲ್ಲಿ ಹೊಸ ಬೆಲ್ಲಿದೆ. ಊರೆಲ್ಲ ಎದ್ದು ಕೂರುವಷ್ಟು ಜೋರು. ಸೈಕಲ್ಲಿಗೆ ದೀಪವಿದೆ. ಹಸಿರು ಬಟ್ಟೆಯ ಸಣ್ಣ ಚೌಕ ರೈಟರ್ ಸಾಹೇಬರಿಗೆ, ಕನ್ನಡಕ ಒರೆಸಿಕೊಳ್ಳಲು. ದಾರಿ ಬಿಟ್ಟುಕೊಟ್ಟವರಿಗೆ ಹಸಿರೇ ಸರಿ.

ಉಳಿದದ್ದೆಲ್ಲ ಕೆಂಪು ಬಟ್ಟೆ. ಮೇಲೆ ಗುಬ್ಬಿಗೆ ಎಂದು ಬರೆದಿದ್ದರೂ ಅವನಿಗೂ ಸೇರಿ. ಇಷ್ಟು ಯಾಕೆ ಎಂದು ನೀನು ನಗುತ್ತೀಯ, ನನಗೆ ಗೊತ್ತು. ಅವನನ್ನು ನಾಳೆ ಹಿಡಿಯಬೇಕೆಂದರೆ ಬೆಲ್ಲಿದ್ದರೂ ಹಿಡಿಯುತ್ತಾರೆ, ದೀಪವಿದ್ದರೂ ಹಿಡಿಯುತ್ತಾರೆ. ಆ ದಿನವೂ ಬಟ್ಟೆ ಇತ್ತಲ್ಲ. ಅವನನ್ನು ಬೀದಿಗೆ ಕಳಿಸಿದಾಗಲೆಲ್ಲ ನನಗೆ ಭಯವಾಗುತ್ತದೆ ಗುಬ್ಬಿ, ಇನ್ನು ಮುಂದೆ ಯಾವಾಗಲೂ ಆಗುತ್ತದೆ. ಅದಕ್ಕೆ ನನ್ನ ಹತ್ತಿರ ಬಟ್ಟೆಯಿಲ್ಲ.

ಆದರೂ ಕಟ್ಟಿ. ಅವರು ಕೇಳುತ್ತಾರೆಂದು ಕಟ್ಟುವುದಲ್ಲ. ನಿಮ್ಮ ಹಿಂದೆ ಯಾರಾದರೂ ಸೈಕಲ್ಲಿನಲ್ಲಿ ಬರುತ್ತಿರುತ್ತಾರೆ, ಕನ್ನಡಿಯಲ್ಲಿ ಮೋಡ ನೋಡುತ್ತಾ. ಅವರಿಗೆ ಗಾಜು ತಗಲಬಾರದು.

ನಿನ್ನ ಅಕ್ಕ